ಚಿತ್ತೂರಿನ ಕಾರು, ಕೆಜಿಎಫ್ ಸ್ಕೂಟರ್: ಕೋಲಾರದಲ್ಲಿ ಕಾಗದ ಸರಿ ಮಾಡಿಸಿಕೊಳ್ಳುವುದು ಹೇಗೆ?

ಮುಳಬಾಗಿಲು ಮಗಳು

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲಿನವಳು. ಮದುವೆಯಾದ ಮೇಲೆ ಚಿತ್ತೂರಿನಲ್ಲಿ ಸಂಸಾರ. ಈಗ ನಮ್ಮ ಯಜಮಾನರಿಗೆ ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಕೋಲಾರಕ್ಕೆ ಬಂದು ನಾಲ್ಕು ತಿಂಗಳಾಯಿತು. ಬಾಡಿಗೆ ಮನೆ, ಮಗಳ ಶಾಲೆ, ಗ್ಯಾಸ್ ಎಲ್ಲಾ ಒಂದು ದಾರಿಗೆ ಬಂತು. ಗಾಡಿಗಳ ಕಾಗದ ಮಾತ್ರ ಬಾಕಿ.

ನಮ್ಮ ಹತ್ತಿರ ಎರಡು ಗಾಡಿ ಇವೆ. ಒಂದು ಯಜಮಾನರ ಹೆಸರಿನ ಕಾರು. 2020ರಲ್ಲಿ ಚಿತ್ತೂರಿನಲ್ಲಿ ತೆಗೆದುಕೊಂಡಿದ್ದು, ಎಪಿ 39 ನಂಬರ್. ಬಿಲ್ಲಿನಲ್ಲಿ 6 ಲಕ್ಷ 40 ಸಾವಿರ ಇದೆ. ಅಲ್ಲೇ ಲೈಫ್ ಟ್ಯಾಕ್ಸ್ ಕಟ್ಟಿದ್ದೇವೆ. ಸಾಲ ತೀರಿದೆ, ಬ್ಯಾಂಕಿನವರು ಪತ್ರವನ್ನೂ ಕೊಟ್ಟಿದ್ದಾರೆ.

ಇನ್ನೊಂದು, ಹೋದ ವಾರ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಬ್ಬ ಮೇಷ್ಟ್ರಿಂದ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಸ್ಕೂಟರ್. ಕೆಜಿಎಫ್ ಆರ್‌ಟಿಒದ ಕೆಎ 08 ನಂಬರ್. ದುಡ್ಡು ಕೊಟ್ಟೆ, ಕೀ ಮತ್ತು ಆರ್‌ಸಿ ಕೊಟ್ಟರು. ಫಾರ್ಮ್‌ಗಳಿಗೆ ಸಹಿ ಹಾಕಿಕೊಟ್ಟಿದ್ದಾರೆ, ಉಳಿದ ಜಾಗ ಎಲ್ಲಾ ಖಾಲಿ. "ನಿಧಾನಕ್ಕೆ ಮಾಡಿಸಿಕೊಳ್ಳಮ್ಮ, ಅರ್ಜೆಂಟ್ ಏನಿಲ್ಲ" ಅಂದರು. ಒಳ್ಳೆಯ ಮನುಷ್ಯರು, ಆದರೂ ನನಗೆ ಸಮಾಧಾನ ಇಲ್ಲ.

ಯಾವುದನ್ನು ಮೊದಲು ಮಾಡಿಸಬೇಕು? ಕಾರಿಗೆ ಮತ್ತೆ ಟ್ಯಾಕ್ಸ್ ಕಟ್ಟಬೇಕಾ? ಸ್ಕೂಟರ್ ನಂಬರ್ ಕೋಲಾರದ ಕೆಎ 07 ಆಗಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಟೇಕಲ್ ರಸ್ತೆ

ಮೇಡಂ, ಮೊದಲು ಸ್ಕೂಟರ್. ಕಾರಿಗೆ ಸಮಯ ಇದೆ, ಸ್ಕೂಟರ್‌ಗೆ ಇಲ್ಲ.

ನಾನು ದ್ವಿಚಕ್ರ ವಾಹನದ ಶೋರೂಮಿನಲ್ಲಿ 11 ವರ್ಷ ರಿಜಿಸ್ಟ್ರೇಷನ್ ಕೆಲಸ ನೋಡಿಕೊಂಡಿದ್ದೆ. ಆ ಅನುಭವದಲ್ಲಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 50ನೇ ಸೆಕ್ಷನ್ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದ ಗಾಡಿ ಮಾರಿದ್ದರೆ ಮಾರಿದವರಿಗೆ 45 ದಿನ. ನಿಮಗೆ ಈಗಾಗಲೇ ಒಂದು ವಾರ ಕಳೆದಿದೆ.

ಮೇಷ್ಟ್ರು ಸಹಿ ಹಾಕಿದ್ದು ಫಾರ್ಮ್ 29 ಮತ್ತು 30 ಇರಬೇಕು. 29 ಅಂದರೆ "ನಾನು ಮಾರಿದ್ದೇನೆ" ಅಂತ ಮಾರಿದವರು ಕೊಡುವ ತಿಳಿವಳಿಕೆ. 30 ಅಂದರೆ ಹೆಸರು ಬದಲಾಯಿಸಿ ಅಂತ ಇಬ್ಬರೂ ಸೇರಿ ಕೊಡುವ ಅರ್ಜಿ. ಖಾಲಿ ಬಿಟ್ಟ ಜಾಗ ಎಲ್ಲಾ ಇವತ್ತೇ ತುಂಬಿಸಿ. ಮುಖ್ಯವಾಗಿ ತಾರೀಕು.

ಸ್ಕೂಟರ್ ನಂಬರ್ ಬದಲಾಗುವುದಿಲ್ಲ. ಕರ್ನಾಟಕದೊಳಗೆ ಎಲ್ಲಿಗೆ ಹೋದರೂ ಕೆಎ 08 ಅದೇ ಇರುತ್ತದೆ. ಬದಲಾಗುವುದು ಹೆಸರು ಮತ್ತು ವಿಳಾಸ ಮಾತ್ರ. ಲೈಫ್ ಟ್ಯಾಕ್ಸ್ ಇಡೀ ರಾಜ್ಯಕ್ಕೆ ಒಂದೇ ಸಲ, ಮತ್ತೆ ಕಟ್ಟಬೇಕಿಲ್ಲ. ಟ್ರಾನ್ಸ್‌ಫರ್ ಫೀಸ್ ಅಂದರೆ ರಿಜಿಸ್ಟ್ರೇಷನ್ ಫೀಸಿನ ಅರ್ಧ, ದ್ವಿಚಕ್ರಕ್ಕೆ 150 ರೂಪಾಯಿ. ಸ್ಮಾರ್ಟ್ ಕಾರ್ಡ್‌ಗೆ ಬೇರೆ ದುಡ್ಡು.

ಕಾರಿನ ವಿಷಯ ಸಾಯಂಕಾಲ ಬರೆಯುತ್ತೇನೆ, ಅದು ದೊಡ್ಡ ಕಥೆ.

ಅಂತರಗಂಗೆ

ಅಕ್ಕಾ, ಟೇಕಲ್ ರಸ್ತೆ ಅಣ್ಣ ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಮೇಷ್ಟ್ರಿಗೂ ಇದನ್ನು ತೋರಿಸಿ. ನಿಮಗಿಂತ ಜಾಸ್ತಿ ಅಪಾಯ ಅವರಿಗೇ ಇರುವುದು. ನನಗಾಗಿದ್ದು ಹೇಳುತ್ತೇನೆ.

ನನ್ನ ಬೈಕನ್ನು ಒಬ್ಬ ಹಳೇ ಗಾಡಿ ವ್ಯಾಪಾರಿಗೆ ಮಾರಿದೆ. ನಾನೂ ಹೀಗೇ ಖಾಲಿ ಫಾರ್ಮ್‌ಗೆ ಸಹಿ ಹಾಕಿಕೊಟ್ಟೆ. ತಾರೀಕು ಇಲ್ಲ, ಕೊಂಡವರ ಹೆಸರಿಲ್ಲ. ಅವನು ಇನ್ನೊಬ್ಬನಿಗೆ ಕೊಟ್ಟ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಆರ್‌ಸಿಯಲ್ಲಿ ಮಾತ್ರ ನನ್ನ ಹೆಸರೇ ಉಳಿಯಿತು. ಒಂದು ವರ್ಷ ಕಳೆದ ಮೇಲೆ ಮನೆಗೆ ನೋಟಿಸ್ ಬಂತು. ಆ ಬೈಕ್ ಒಬ್ಬ ವಯಸ್ಸಾದವರಿಗೆ ಗುದ್ದಿ ಅವರ ಕಾಲು ಮುರಿದಿತ್ತು. ಇನ್ಶೂರೆನ್ಸ್ ಮುಗಿದು ಎಷ್ಟೋ ದಿನವಾಗಿತ್ತು. ಓಡಿಸುತ್ತಿದ್ದವನ ಮುಖವನ್ನೂ ನಾನು ನೋಡಿರಲಿಲ್ಲ. ಪರಿಹಾರದ ಕೇಸಿನಲ್ಲಿ ಮಾಲೀಕ ಅಂತ ನಿಂತವನು ನಾನು.

ವಕೀಲರು 2018ರ ಫೆಬ್ರವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸು. ಅದರಲ್ಲೂ ಕಾರು ಕೈಯಿಂದ ಕೈಗೆ ಹೋಗಿತ್ತು, ದಾಖಲೆಯಲ್ಲಿ ಹೆಸರು ಮಾತ್ರ ಮೊದಲನೆಯವರದ್ದೇ ಇತ್ತು. ಅಪಘಾತವಾದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಅಂತ ಕೋರ್ಟ್ ಹೇಳಿತು. ಗಾಯಗೊಂಡವರು ಮಾಲೀಕನನ್ನು ಹುಡುಕಿಕೊಂಡು ಊರೂರು ಅಲೆಯಬೇಕಾ ಅಂತ ಯೋಚಿಸಿದರೆ ಅದು ಸರಿಯೇ. ನನಗೆ ಮಾತ್ರ ಎರಡು ಬೆಳೆ ರೇಷ್ಮೆಗೂಡಿನ ದುಡ್ಡು ಹೋಯಿತು. ಆ ಅಜ್ಜನ ಮೇಲೆ ನನಗೆ ಕೋಪ ಇಲ್ಲ, ಅವರ ಕಾಲು ಹೋಗಿದ್ದು ನಿಜ.

ಮಾರಿ ದುಡ್ಡು ಎಣಿಸಿಕೊಂಡರೆ ವ್ಯಾಪಾರ ಮುಗಿಯಿತು ಅಂತ ನಮ್ಮ ಕಡೆ ಎಲ್ಲರೂ ಅಂದುಕೊಂಡಿದ್ದಾರೆ. ಆರ್‌ಸಿಯಲ್ಲಿ ಹೆಸರು ಬದಲಾದ ದಿನವೇ ಅದು ಮುಗಿಯುವುದು.

ಮುಳಬಾಗಿಲು ಮಗಳು

ಅಂತರಗಂಗೆ ಅವರೇ, ಓದಿ ಮನಸ್ಸಿಗೆ ತುಂಬಾ ಬೇಜಾರಾಯಿತು. ಮೇಷ್ಟ್ರಿಗೆ ಈಗಲೇ ಫೋನ್ ಮಾಡಿದೆ. ನಾಳೆ ಶಾಲೆ ಮುಗಿಸಿಕೊಂಡು ಬರುತ್ತಾರಂತೆ.

ಕೆಜಿಎಫ್ ಕಡೆಯವನು

ಅವರು ಬಂದಾಗ ಡೆಲಿವರಿ ನೋಟ್ ಬರೆದುಕೊಳ್ಳಿ. ಗಾಡಿ ಕೈಗೆ ಬಂದ ತಾರೀಕಿನ ಜೊತೆಗೆ ಗಂಟೆಯನ್ನೂ ಬರೆಯಬೇಕು. ಅವತ್ತು ಏನಾದರೂ ಆಗಿದ್ದರೆ ಆಗ ಗಾಡಿ ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಅದೇ ಆಧಾರ. ಇಬ್ಬರ ಸಹಿ, ಇಬ್ಬರು ಸಾಕ್ಷಿ, ಇಬ್ಬರ ಗುರುತಿನ ಚೀಟಿ ನಕಲು. ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇದು ಟ್ರಾನ್ಸ್‌ಫರ್‌ಗೆ ಬದಲಿ ಅಲ್ಲ, ಆದರೆ ಟ್ರಾನ್ಸ್‌ಫರ್ ಆಗುವವರೆಗೂ ಕೈಯಲ್ಲಿ ಏನಾದರೂ ಇರಬೇಕಲ್ವಾ.

ಇನ್ನೊಂದು. ಅವರ ಗಾಡಿಯ ದಾಖಲೆಯಲ್ಲಿ ಯಾವ ಮೊಬೈಲ್ ನಂಬರ್ ಇದೆ ಕೇಳಿ. ಪರಿವಾಹನ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವಾಗ ಒಟಿಪಿ ಬರುತ್ತದೆ. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಬಿಟ್ಟುಹೋದ ನಂಬರ್ ಇರುತ್ತದೆ. ಅದನ್ನು ಮೊದಲು ಸರಿ ಮಾಡಿಸದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಟೇಕಲ್ ರಸ್ತೆ

ಈಗ ಕಾರು.

ಬೇರೆ ರಾಜ್ಯದ ಗಾಡಿ ನಮ್ಮ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ತೆಗೆದುಕೊಳ್ಳಲೇಬೇಕು. ಅದು 47ನೇ ಸೆಕ್ಷನ್. ನಿಮಗೆ ನಾಲ್ಕು ತಿಂಗಳಾಗಿದೆ ಅಂದಿರಿ, ಇನ್ನೂ ಎಂಟು ತಿಂಗಳಿದೆ ಅಂತ ಸುಮ್ನೆ ಕೂರಬೇಡಿ. ಚಿತ್ತೂರಿನ ಕೆಲಸ ಮುಗಿಸಲು ಎರಡು ಮೂರು ಸಲ ಓಡಾಡಬೇಕಾಗಬಹುದು. ಕಾರು ಯಾವಾಗ ಬಂತು ಅನ್ನುವುದಕ್ಕೆ ಟೋಲ್ ರಸೀದಿ, ಮನೆ ಬಾಡಿಗೆ ಕರಾರು, ಯಜಮಾನರ ಕೆಲಸದ ಆರ್ಡರ್ ಇಟ್ಟುಕೊಂಡಿರಿ. ದಾರಿಯಲ್ಲಿ ಯಾರಾದರೂ ಕೇಳಿದರೆ ಅವೇ ಉತ್ತರ.

ಮೊದಲು ನೋಡಬೇಕಾದ್ದು ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ಅಂತ. ಸಾಲ ತೀರಿದ್ದು ಬೇರೆ, ಎಚ್‌ಪಿ, ಅಂದರೆ ಆರ್‌ಸಿಯಲ್ಲಿ ಬರೆದ ಸಾಲದ ಗುರುತು, ಕ್ಯಾನ್ಸಲ್ ಆಗಿದ್ದು ಬೇರೆ. ಬ್ಯಾಂಕ್ ಪತ್ರ ಕೊಟ್ಟಿದೆ ಅಂದಿರಿ. ಅದರ ಜೊತೆಗೆ ಬ್ಯಾಂಕಿನ ಸಹಿ ಮೊಹರು ಇರುವ ಫಾರ್ಮ್ 35 ಕೊಟ್ಟಿದ್ದಾರಾ? ಅವೆರಡನ್ನೂ ಚಿತ್ತೂರು ಆಫೀಸಿಗೆ ಸಲ್ಲಿಸಿ ಬ್ಯಾಂಕಿನ ಹೆಸರು ತೆಗೆಸಬೇಕು. ಬ್ಯಾಂಕಿನ ಪತ್ರಕ್ಕೆ ಅವಧಿ ಇರುತ್ತದೆ, ಪತ್ರದಲ್ಲೇ ಬರೆದಿರುತ್ತದೆ. ತೆಗೆದು ನೋಡಿ.

ಅದಾದ ಮೇಲೆ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ರಿಜಿಸ್ಟರ್ ಮಾಡಿಸಲು ಅಡ್ಡಿಯಿಲ್ಲ ಅನ್ನುವ ಪತ್ರ, ಫಾರ್ಮ್ 28. ಇದನ್ನು ಕೊಡಬೇಕಾದವರು ಚಿತ್ತೂರಿನವರೇ, ಕೋಲಾರದವರಲ್ಲ. ಇಲ್ಲಿ ಕ್ಯೂನಲ್ಲಿ ನಿಂತು ವಾಪಸ್ ಹೋದವರನ್ನು ನಾನು ಎಷ್ಟೋ ನೋಡಿದ್ದೇನೆ. ಟ್ಯಾಕ್ಸ್ ಬಾಕಿ ಇರಬಾರದು, ಇನ್ಶೂರೆನ್ಸ್ ಮತ್ತು ಎಮಿಷನ್ (ಹೊಗೆ ತಪಾಸಣೆ) ಚೀಟಿ ಚಾಲ್ತಿಯಲ್ಲಿರಬೇಕು, ಫೈನ್ ಬಾಕಿ ಇದ್ದರೆ ಕಟ್ಟಿರಬೇಕು. ಗಾಡಿ ಕಳ್ಳತನದ ದಾಖಲೆಯಲ್ಲಿ ಇಲ್ಲ ಅನ್ನುವುದನ್ನೂ ನೋಡುತ್ತಾರೆ. ಅರ್ಜಿ ಕೊಟ್ಟರೆ ರಸೀದಿ ತೆಗೆದುಕೊಳ್ಳಿ. ಕೊಡುವುದಿಲ್ಲ ಅನ್ನುವುದಾದರೆ ಕಾರಣ ಬರೆದು ಹೇಳಬೇಕು. 30 ದಿನದಲ್ಲಿ ಏನೂ ಹೇಳದಿದ್ದರೆ ಕೊಟ್ಟ ಹಾಗೇ ಲೆಕ್ಕ ಅಂತ 48ನೇ ಸೆಕ್ಷನ್ ಹೇಳುತ್ತದೆ. ಅದಕ್ಕೇ ರಸೀದಿಯ ತಾರೀಕು ಮುಖ್ಯ.

ಎನ್‌ಒಸಿ ಕೈಗೆ ಬಂದ ಮೇಲೆ ಕೋಲಾರದಲ್ಲಿ ಫಾರ್ಮ್ 27, ಅಂದರೆ ಹೊಸ ನಂಬರ್ ಕೊಡಿ ಅನ್ನುವ ಅರ್ಜಿ. ವಿಳಾಸಕ್ಕೆ ಫಾರ್ಮ್ 33. ಕಾರನ್ನು ತೆಗೆದುಕೊಂಡು ಹೋಗಬೇಕು, ಇನ್‌ಸ್ಪೆಕ್ಟರ್ ಚಾಸಿ ನಂಬರ್, ಎಂಜಿನ್ ನಂಬರ್ ತಾಳೆ ನೋಡುತ್ತಾರೆ.

ಟ್ಯಾಕ್ಸ್ ಹೌದು, ಕಟ್ಟಬೇಕು. ಅದು ರಾಜ್ಯದ ತೆರಿಗೆ, ಆಂಧ್ರದಲ್ಲಿ ಕಟ್ಟಿದ್ದು ಇಲ್ಲಿಗೆ ಬರುವುದಿಲ್ಲ. ನಮ್ಮಲ್ಲಿ 5 ಲಕ್ಷದಿಂದ 10 ಲಕ್ಷದ ಕಾರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11 ಸೆಸ್. ನಿಮ್ಮ ಬಿಲ್ಲಿನ ಲೆಕ್ಕಕ್ಕೆ ಹೊಸ ಕಾರಾಗಿದ್ದರೆ ಒಂದು ಲಕ್ಷದ ಹತ್ತಿರ ಬರುತ್ತಿತ್ತು. ಕಾರು ಹಳೆಯದಾದ ಹಾಗೆ ವರ್ಷಕ್ಕಿಷ್ಟು ಅಂತ ಇಳಿಯುತ್ತದೆ, ಅಷ್ಟೂ ಕಟ್ಟಬೇಕಾಗಿಲ್ಲ. ಬಿಲ್ ಜೋಪಾನ ಮೇಡಂ. ಅದಿಲ್ಲದಿದ್ದರೆ ಬೆಲೆಯ ವಿಷಯಕ್ಕೇ ಅರ್ಧ ದಿನ ಮಾತಾಡಬೇಕಾಗುತ್ತದೆ.

ಶ್ರೀನಿವಾಸಪುರ ಮಾವು

ಆಂಧ್ರದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್ ಪೂರ್ತಿ ಹೋಯಿತು ಅಂದುಕೊಳ್ಳಬೇಡಿ. ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಇಲ್ಲಿ ಹೊಸ ಆರ್‌ಸಿ ಬಂದ ಮೇಲೆ ಅದರ ನಕಲು, ಇಲ್ಲಿ ತೆರಿಗೆ ಕಟ್ಟಿದ ರಸೀದಿ, ಅಲ್ಲಿ ಹಿಂದೆ ಕಟ್ಟಿದ ರಸೀದಿ ಇಟ್ಟು ಅರ್ಜಿ ಕೊಡಬೇಕು. ತಡವಾಗುತ್ತದೆ. ಆದರೆ ನಿಮ್ಮದೇ ದುಡ್ಡು, ಬಿಡಬೇಡಿ.

ಮಾಲೂರು ಹಂಚು

ನಮ್ಮ ಮಗನೂ ಕೆಲಸಕ್ಕೆ ಊರೂರು ಅಲೆಯುವವನು. ಅವನು ಹೊಸ ಕಾರಿಗೆ ಬಿಎಚ್ ನಂಬರ್, ಅಂದರೆ ಇಡೀ ದೇಶಕ್ಕೆ ನಡೆಯುವ ನಂಬರ್, ತೆಗೆದುಕೊಂಡ. ಅದಾದರೆ ಈ ತಾಪತ್ರಯವೇ ಇಲ್ಲ, ಮೇಡಂ ಯಜಮಾನರೂ ನೋಡಬಹುದಲ್ವಾ?

ಟೇಕಲ್ ರಸ್ತೆ

ಸರ್, ಅದು ಎಲ್ಲರಿಗೂ ಸಿಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಸರ್ಕಾರಿ ನೌಕರರು, ಸೈನ್ಯದವರು, ಸರ್ಕಾರಿ ಕಂಪನಿಗಳವರು, ಮತ್ತೆ ನಾಲ್ಕು ಅಥವಾ ಜಾಸ್ತಿ ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ತೆಗೆದುಕೊಳ್ಳಬಹುದು. ತೆರಿಗೆ ಎರಡೆರಡು ವರ್ಷಕ್ಕೆ. ಪದೇ ಪದೇ ವರ್ಗ ಆಗುವವರಿಗೆ ಅದು ವರ. ಮೇಡಂ ಅವರದ್ದು ಇಲ್ಲೇ ನೆಲೆ ನಿಲ್ಲುವ ವಿಚಾರ, ತವರೂ ಮುಳಬಾಗಿಲೇ. ನನ್ನ ಅಭಿಪ್ರಾಯ ಕೆಎ 07 ಸಾಕು.

ಮುಳಬಾಗಿಲು ಮಗಳು

ಹೌದು ಅಣ್ಣ, ನಾವು ಇನ್ನು ಎಲ್ಲಿಗೂ ಹೋಗುವುದಿಲ್ಲ.

ಮೇಷ್ಟ್ರು ಬಂದಿದ್ದರು. ಅಂತರಗಂಗೆ ಅವರು ಬರೆದಿದ್ದನ್ನು ಓದಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದು ಜಾಗವನ್ನೂ ಅವರೇ ತುಂಬಿಸಿದರು. ಡೆಲಿವರಿ ನೋಟನ್ನು ಮಕ್ಕಳಿಗೆ ಪಾಠ ಬರೆಸುವ ಹಾಗೆ ದುಂಡಗೆ ಬರೆದುಕೊಟ್ಟರು. ನನ್ನ ಪರವಾಗಿ ನಮ್ಮ ಮನೆ ಓನರ್ ಸಾಕ್ಷಿ ಹಾಕಿದರು. ಅವರ ಹಳೇ ಮೊಬೈಲ್ ನಂಬರೇ ದಾಖಲೆಯಲ್ಲಿತ್ತು, ಅದೀಗ ಅವರ ಮಗನ ಹತ್ತಿರ ಇದೆಯಂತೆ. ಸದ್ಯ, ಒಟಿಪಿ ಬರುತ್ತದೆ.

ಫಾರ್ಮ್‌ನಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಂತ ಇದೆ. ಇದನ್ನು ಎಲ್ಲಿ ಮಾಡಿಸಬೇಕು?

ಕೆಜಿಎಫ್ ಕಡೆಯವನು

ಎಲ್ಲೂ ಹೋಗಬೇಕಾಗಿಲ್ಲ, ಮನೆಯಲ್ಲೇ ತೆಗೆಯಬಹುದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನಂಬರ್ ಎಲ್ಲಿ ಕೆತ್ತಿದೆ ಅಂತ ಚಿತ್ರ ಇರುತ್ತದೆ. ಆ ಜಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಉಜ್ಜಿ. ಗ್ರೀಸ್, ಧೂಳು ಪೂರ್ತಿ ಹೋಗಬೇಕು, ಆಮೇಲೆ ಒಣಗಬೇಕು. ತೆಳ್ಳಗಿನ ಬಿಳಿ ಕಾಗದದ ಪಟ್ಟಿ ಇಟ್ಟು ಎರಡೂ ಕಡೆ ಟೇಪ್ ಹಚ್ಚಿ. ಪೆನ್ಸಿಲನ್ನು ನೆಟ್ಟಗೆ ಹಿಡಿಯಬೇಡಿ, ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ಮೆಲ್ಲಗೆ ತೀಡಿ. ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಕಾಗದ ಜರುಗಿದರೆ ಹೊಸದು ತೆಗೆದುಕೊಳ್ಳಿ, ಅದರ ಮೇಲೇ ತಿದ್ದಬೇಡಿ. ನಾಲ್ಕೈದು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಕಾರಿಗೂ ಬೇಕಾಗುತ್ತದೆ.

ಮುಳಬಾಗಿಲು ಮಗಳು

ಮಾಡಿದೆ! ಮಗಳು ಟಾರ್ಚ್ ಹಿಡಿದಿದ್ದಳು. ಮೊದಲ ಎರಡು ಕಾಗದ ಹರಿದವು, ಮೂರನೆಯದರಲ್ಲಿ ಹದಿನೇಳೂ ಅಕ್ಷರ ಸ್ಪಷ್ಟವಾಗಿ ಬಂದವು. ಮಗಳು ಒಂದೊಂದನ್ನೇ ಓದಿದಳು, ನಾನು ಆರ್‌ಸಿ ನೋಡಿ ಗುರುತು ಹಾಕಿದೆ. ಎಲ್ಲಾ ಸರಿ ಇದೆ. ಆದರೆ ಸೈಬರ್ ಸೆಂಟರ್‌ನಲ್ಲಿ ಟೈಪ್ ಮಾಡಿದ ಹಾಳೆಯಲ್ಲಿ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಹೊಡೆದಿದ್ದರು. ಅದರಿಂದ ತೊಂದರೆ ಆಗುತ್ತದಾ?

ಟೇಕಲ್ ರಸ್ತೆ

ಆಗುತ್ತದೆ, ತಿದ್ದಿಸಿ. ಹದಿನೇಳು ಅಕ್ಷರದ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಮೂರೂ ಬರುವುದೇ ಇಲ್ಲ. ಒಂದು, ಸೊನ್ನೆ ಜೊತೆ ಗೊಂದಲ ಆಗಬಾರದು ಅಂತಲೇ ಆ ಮೂರನ್ನು ಬಿಟ್ಟಿದ್ದಾರೆ. ಎಲ್ಲಾದರೂ ಓ ಕಂಡರೆ ಅದು ಸೊನ್ನೆಯೇ. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ಮಾಲೂರು ಹಂಚು

ಇಷ್ಟೆಲ್ಲಾ ಓಡಾಡುವ ಬದಲು ಏಜೆಂಟ್‌ಗೆ ಕೊಟ್ಟರೆ ಆಗುವುದಿಲ್ಲವಾ? ನಮ್ಮ ಮನೆಯದೆಲ್ಲಾ ಹಾಗೇ ಮಾಡಿಸಿದ್ದು.

ಅಂತರಗಂಗೆ

ಕೊಡಬೇಡಿ ಅಂತ ನಾನು ಹೇಳಲಾರೆ ಸರ್. ದಿನಗೂಲಿ ಬಿಟ್ಟು ಬರಲಾಗದವರು ಇದ್ದಾರೆ, ಓದಲು ಬರದವರು ಇದ್ದಾರೆ. ಒಳ್ಳೆಯ ಏಜೆಂಟರೂ ಇದ್ದಾರೆ. ಆದರೆ ಅರ್ಜಿ ನಂಬರ್ ನಿಮ್ಮ ಕೈಯಲ್ಲಿರಲಿ, ದಾಖಲೆಯಲ್ಲಿ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಮೂಲ ಆರ್‌ಸಿ ಕೊಟ್ಟರೆ ಕೊಟ್ಟಿದ್ದಕ್ಕೆ ಬರೆಸಿಕೊಳ್ಳಿ. ಇಷ್ಟು ನಾನು ಅವತ್ತು ಮಾಡಿದ್ದರೆ ಸಾಕಾಗಿತ್ತು.

ಟೇಕಲ್ ರಸ್ತೆ

ಅಂತರಗಂಗೆ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಹಳೇ ಗಾಡಿ ವ್ಯಾಪಾರಿಗಳಿಗೆ ಮಾರುವವರಿಗೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಆರ್‌ಟಿಒ ಪರವಾನಗಿ ಪಡೆದ ವ್ಯಾಪಾರಿಗೆ ಗಾಡಿ ಕೊಟ್ಟರೆ ಫಾರ್ಮ್ 29ಸಿ ಮೂಲಕ ತಿಳಿಸಬಹುದು. ಅಲ್ಲಿಂದ ಮುಂದೆ ಮಾರಾಟವಾಗುವವರೆಗೂ ಆ ವ್ಯಾಪಾರಿಯೇ ಮಾಲೀಕನ ಲೆಕ್ಕ. ಮಾರುವ ಮೊದಲು ಪರವಾನಗಿ ಇದೆಯಾ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವನಿಗೆ ಗಾಡಿ ಕೊಡಲೇಬೇಡಿ.

ಗಂಗಮ್ಮನಪಾಳ್ಯ

ನನ್ನದೊಂದು ಪ್ರಶ್ನೆ, ಇಲ್ಲೇ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆ ತೀರಿಕೊಂಡು ಮೂರು ವಾರ ಆಯಿತು. ಅವರ ಮೊಪೆಡ್ ಇದೆ, ಟೊಮೆಟೊ ಮಂಡಿಗೆ ಅದರಲ್ಲೇ ಹೋಗುತ್ತಿದ್ದರು. ಮಾರಲು ಮನಸ್ಸಿಲ್ಲ. ನಾನು ಓಡಿಸಬಹುದಾ?

ಟೇಕಲ್ ರಸ್ತೆ

ತಂದೆಯವರ ವಿಷಯ ಕೇಳಿ ದುಃಖವಾಯಿತು ತಮ್ಮಾ. ಓಡಿಸಬಹುದು. ಆದರೆ ತೀರಿಕೊಂಡ ದಿನದಿಂದ 30 ದಿನದೊಳಗೆ ಆರ್‌ಟಿಒಗೆ ಬರೆದು ತಿಳಿಸಬೇಕು. ಗಾಡಿ ನಾನು ಇಟ್ಟುಕೊಳ್ಳುತ್ತೇನೆ ಅಂತ ಅದರಲ್ಲೇ ಹೇಳಬೇಕು. ಹಾಗೆ ತಿಳಿಸಿದರೆ 3 ತಿಂಗಳವರೆಗೆ ತಂದೆಯವರ ಹೆಸರಿನಲ್ಲೇ ಓಡಿಸಬಹುದು. ಆ 3 ತಿಂಗಳೊಳಗೆ ಫಾರ್ಮ್ 31 ಹಾಕಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಉಳಿದವರು ಒಪ್ಪಿದ್ದಕ್ಕೆ ಪತ್ರ ಬೇಕಾಗುತ್ತದೆ. ನಿಮಗೆ ಇನ್ನು ಒಂದು ವಾರ ಮಾತ್ರ ಇದೆ. ನಾಳೆಯೇ ಹೋಗಿ, ಇನ್ಶೂರೆನ್ಸ್ ಇದೆಯಾ ಅಂತಲೂ ನೋಡಿ.

ಶ್ರೀನಿವಾಸಪುರ ಮಾವು

ಇನ್ಶೂರೆನ್ಸ್ ಮಾತು ಬಂದಿದ್ದು ಒಳ್ಳೆಯದಾಯಿತು. ಮುಳಬಾಗಿಲು ಮಗಳು ಅವರೇ, ಸ್ಕೂಟರ್ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಗಾಡಿ ಕೈಗೆ ಬಂದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಬೇರೆಯವರಿಗೆ ಪೆಟ್ಟಾದರೆ ಕೊಡುವ ಭಾಗ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮ ಸ್ಕೂಟರ್‌ಗೇ ಏನಾದರೂ ಆದರೆ ಮೇಷ್ಟ್ರ ಹೆಸರಿನ ಪಾಲಿಸಿಯಿಂದ ನಿಮಗೆ ದುಡ್ಡು ಬರುವುದು ಕಷ್ಟ. ಅವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಮನುಷ್ಯನಿಗೆ ಸೇರಿದ್ದು, ಗಾಡಿಗಲ್ಲ.

ಮುಳಬಾಗಿಲು ಮಗಳು

ಎರಡೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತಿಳಿಸಬೇಕು ಅಂತಲೇ ಬಂದೆ.

ಸ್ಕೂಟರ್ ಆರ್‌ಸಿ ಅಂಚೆಯಲ್ಲಿ ಬಂತು. ನನ್ನ ಹೆಸರು, ಕೋಲಾರದ ವಿಳಾಸ, ನಂಬರ್ ಅದೇ ಕೆಎ 08. ಫೋಟೊ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿ "ಈಗ ನಿದ್ದೆ ಬರುತ್ತಮ್ಮ" ಅಂದರು.

ಕಾರಿಗೆ ಚಿತ್ತೂರಿಗೆ ಮೂರು ಸಲ ಹೋಗಬೇಕಾಯಿತು. ಬ್ಯಾಂಕಿನ ಪತ್ರದ ಅವಧಿ ಮುಗಿದೇ ಹೋಗಿತ್ತು, ಟೇಕಲ್ ರಸ್ತೆ ಅಣ್ಣ ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ. ಹೊಸ ಪತ್ರ, ಫಾರ್ಮ್ 35 ತೆಗೆದುಕೊಂಡು ಬ್ಯಾಂಕಿನ ಹೆಸರು ತೆಗೆಸಿದೆವು. ಒಂದು ಹಳೇ ಫೈನ್ ಇತ್ತು, ಕಟ್ಟಿದೆವು. ಆಮೇಲೆ ಎನ್‌ಒಸಿ ಬಂತು. ಕೋಲಾರದಲ್ಲಿ ತೆರಿಗೆ ಕಟ್ಟಿ, ಕಾರು ತೋರಿಸಿ ಆಗಿದೆ. ಕೆಎ 07 ನಂಬರ್ ಮೆಸೇಜ್ ಹೋದ ಶುಕ್ರವಾರ ಬಂತು.

ಇನ್ನು ಏನೇನು ಉಳಿದಿದೆ?

ಟೇಕಲ್ ರಸ್ತೆ

ತುಂಬಾ ಸಂತೋಷ ಮೇಡಂ. ಹೊಸ ನಂಬರಿನ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿ. ಇನ್ಶೂರೆನ್ಸ್‌ನಲ್ಲಿ ನಂಬರ್ ಬದಲಾಯಿಸಿ, ಫಾಸ್ಟ್ಯಾಗ್‌ನಲ್ಲೂ ಬದಲಾಯಿಸಿ, ಎಮಿಷನ್ ಹೊಸ ನಂಬರಿಗೆ ಮಾಡಿಸಿ. ಚಿತ್ತೂರಿನ ತೆರಿಗೆ ವಾಪಸ್ ಅರ್ಜಿಗೆ ಹೊಸ ಆರ್‌ಸಿ ಬಂದ ದಿನವೇ ನಕಲು ತೆಗೆದಿಡಿ. ಯಜಮಾನರ ಡಿಎಲ್ ಬಗ್ಗೆ ಚಿಂತೆ ಬೇಡ, ಅದು ಇಡೀ ದೇಶಕ್ಕೆ ನಡೆಯುತ್ತದೆ. ವಿಳಾಸ ಬದಲಾಯಿಸಿದರೆ ಸಾಕು.

ಗಂಗಮ್ಮನಪಾಳ್ಯ

ನಾನೂ ಹೇಳಬೇಕು. 26ನೇ ದಿನ ಪತ್ರ ಕೊಟ್ಟೆ, ಮೊಹರು ಹಾಕಿಸಿಕೊಂಡೆ. ಅಮ್ಮ, ಅಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಫಾರ್ಮ್ 31 ಸಲ್ಲಿಸಿ ಹತ್ತು ದಿನವಾಯಿತು. ಅಪ್ಪನ ಹಳೇ ಆರ್‌ಸಿಯ ನಕಲನ್ನು ಅಮ್ಮ ಅವರ ಫೋಟೊ ಹಿಂದೆ ಇಟ್ಟುಕೊಂಡಿದ್ದಾರೆ. ಬೆಳಗಿನ ಜಾವ ಮಂಡಿಗೆ ಈಗ ನಾನು ಹೋಗುತ್ತಿದ್ದೇನೆ.